ಬೈಸಿಕಲ್ಲಿನ ಮೇಲೆ ಭೂಪ್ರದಕ್ಷಿಣೆ

ಗಣಪತಿ ಷಣ್ಮುಖರ ಪಂದ್ಯದ ಕಥೆಯನ್ನು ಕೇಳದವರು ನಮ್ಮಲ್ಲಿ ವಿರಳ. ಭೂಮಂಡಲವನ್ನು ಮೊದಲು ಸುತ್ತಿ ಬಂದವನಿಗೆ ಹಣ್ಣು ಎಂದಾಗ ಷಣ್ಮುಖನು ನವಿಲನ್ನೇರಿ ಹೊರಟುಹೋದನು. ಗಣಪತಿಯು ನಿಧಾನವಾಗಿ ಎದ್ದು ತಾಯಿತಂದೆಗಳನ್ನು ಸುತ್ತಿ ಬಂದು ಹಣ್ಣನ್ನು ಪಡೆದನು. ಅಂದಿನಿಂದ ನಾವು ಗಣಪತಿಯ ಬುದ್ಧಿಯನ್ನು ಕೊಂಡಾಡುತ್ತ ಬಂದಿದ್ದೇವೆ. ಆದರೆ ನಿಜವಾಗಿ ಸುತ್ತಿ ಬಂದವನು ಷಣ್ಮುಖನಲ್ಲವೇ? ದಾರಿಯಲ್ಲಿ ಅವನು ಎಲ್ಲಿ ತಂಗಿದನು, ನೀರು ಕೊಟ್ಟವರು ಯಾರು, ನವಿಲು ದಣಿದಾಗ ಏನು ಮಾಡಿದನು ಎಂಬುದನ್ನು ಮಾತ್ರ ಯಾವ ಅಜ್ಜಿಯೂ ಮೊಮ್ಮಕ್ಕಳಿಗೆ ಹೇಳುವುದಿಲ್ಲ.

ಓದುಗ ಮಹಾಶಯರೇ, ಇಲ್ಲಿ ಹೇಳಹೊರಟಿರುವುದು ಅಂಥ ಕೆಲವು ಷಣ್ಮುಖರ ಚರಿತ್ರೆ. ಅವರ ವಾಹನ ನವಿಲಲ್ಲ, ಬೈಸಿಕಲ್ಲು. ನಿಮ್ಮ ಮನೆಯ ಜಗಲಿಗೆ ಒರಗಿಸಿಟ್ಟಿರಬಹುದಾದ ಅದೇ ಬೈಸಿಕಲ್ಲು. ಅದರ ಮೇಲೆ ಪೇಟೆಗೆ ಹೋಗಿ ತರಕಾರಿ ತರುವುದು ಒಂದು ಕೆಲಸ. ದೇಶಾಂತರ ಹೋಗುವುದು ಬೇರೆಯೇ ಒಂದು ತಪಸ್ಸು. ಹಾಗೆ ಹೋಗುವವನ ಕಷ್ಟಗಳು ಎರಡು ಬಗೆ. ಯಂತ್ರಕ್ಕೂ ದೇಹಕ್ಕೂ ಬರತಕ್ಕವು ಒಂದು ಬಗೆ, ಮನಸ್ಸಿಗೆ ಬರತಕ್ಕವು ಇನ್ನೊಂದು ಬಗೆ. ಮೊದಲನೆಯವಕ್ಕೆ ಸವಾರನೇ ಹೇಗೋ ಪರಿಹಾರ ಕಂಡುಕೊಳ್ಳುತ್ತಾನೆ. ಎರಡನೆಯವಕ್ಕೆ ಪರಿಹಾರ ಬಹುಮಟ್ಟಿಗೆ ಅವನ ಕೈಯಲ್ಲಿಲ್ಲ; ದಾರಿಯುದ್ದಕ್ಕೂ ಸಿಕ್ಕುವ, ಅವನು ಕಂಡರಿಯದ ಜನರ ಕೈಯಲ್ಲಿದೆ. ಈ ಮಾತಿಗೆ ಚರಿತ್ರೆಯಲ್ಲಿ ಏನು ಆಧಾರವಿದೆಯೆಂಬುದನ್ನು ನೋಡೋಣ.

ಬೈಸಿಕಲ್ಲಿನ ಮೇಲೆ ಭೂಮಿಯನ್ನು ಸುತ್ತಿದವರಲ್ಲಿ ಮೊದಲಿಗನೆಂದು ಹೆಸರಾದವನು ಥಾಮಸ್ ಸ್ಟೀವನ್ಸ್. ಆತನು ಹುಟ್ಟಿದ್ದು 1854ರಲ್ಲಿ, ಇಂಗ್ಲೆಂಡಿನಲ್ಲಿ. 1871ರಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿ ಕೂಲಿನಾಲಿ ಮಾಡಿ, ಕೊಲರಾಡೋ ಸೀಮೆಯ ಗಣಿಯೊಂದರಲ್ಲಿ ದುಡಿಯುತ್ತಿದ್ದಾಗ ಈ ಹುಚ್ಚು ಅವನ ತಲೆಗೆ ಹತ್ತಿತು. 1884ರ ಏಪ್ರಿಲ್ 22ರಂದು ಸ್ಯಾನ್ ಫ್ರಾನ್ಸಿಸ್ಕೋ ನಗರದಿಂದ ಪೂರ್ವದಿಕ್ಕಿಗೆ ಹೊರಟನು. ಹ್ಯಾಂಡಲಿಗೆ ಕಟ್ಟಿದ ಒಂದು ಚೀಲದಲ್ಲಿ ಕಾಲುಚೀಲ, ಒಂದು ಹೆಚ್ಚಿನ ಅಂಗಿ, ರಾತ್ರಿ ಹಾಸಿಗೆಯೂ ಗುಡಾರವೂ ಆಗಬಲ್ಲ ಒಂದು ಮಳೆಯಂಗಿ, ಒಂದು ಸಣ್ಣ ಪಿಸ್ತೂಲು: ಇಷ್ಟೇ ಅವನ ಆಸ್ತಿ. ನಮ್ಮಲ್ಲಿ ಕಾಶಿಗೆ ಹೊರಡುತ್ತಿದ್ದ ಯಾತ್ರಿಕರ ಗಂಟು ಕೂಡ ಇದಕ್ಕಿಂತ ದೊಡ್ಡದಾಗಿರುತ್ತಿತ್ತು.

ಆತನ ವಾಹನದ ವಿಚಾರ ಎರಡು ಮಾತು ಹೇಳಬೇಕು. ಇಂದಿನ ಬೈಸಿಕಲ್ಲಿನಲ್ಲಿ ಎರಡು ಗಾಲಿಗಳೂ ಸಮ. ಸ್ಟೀವನ್ಸನ ಗಾಡಿಯಲ್ಲಿ ಮುಂದಿನ ಗಾಲಿ 50 ಅಂಗುಲ ಎತ್ತರ, ಹಿಂದಿನದು ತೀರ ಚಿಕ್ಕದು. ಆನೆಯ ಹಿಂದೆ ಅದರ ಮರಿ ಬಂದಂತೆ! ಚೈನು ಇರಲಿಲ್ಲ. ಪೆಡಲುಗಳನ್ನು ಮುಂದಿನ ಗಾಲಿಗೇ ಜೋಡಿಸಿದ್ದರು. ಪೆಡಲು ಒಂದು ಸುತ್ತು ಬಂದರೆ ಗಾಲಿಯೂ ಒಂದೇ ಸುತ್ತು, ಎಂದರೆ ಸುಮಾರು 13 ಅಡಿ. ಒಂದು ಮೈಲಿಗೆ ಸುಮಾರು 400 ಸಲ ತುಳಿಯಬೇಕು. ಇಳಿಜಾರಿನಲ್ಲಿ ಕಾಲಿಗೆ ವಿಶ್ರಾಂತಿಯಿಲ್ಲ. ಗಾಲಿಯೊಂದಿಗೆ ಪೆಡಲೂ ಗಿರಗಿರನೆ ತಿರುಗುತ್ತದೆ. ಮುಂದೆ ಒಂದು ಕಲ್ಲು ಅಡ್ಡ ಬಂದರೆ ಸಾಕು, ಸವಾರನು ಹ್ಯಾಂಡಲಿನ ಮೇಲಿಂದ ತಲೆಕೆಳಗಾಗಿ ಬೀಳುತ್ತಿದ್ದನು. ಗಾಳಿ ತುಂಬಿದ ಟೈರನ್ನು ಡನ್‌ಲಪ್ ಎಂಬುವನು ರೂಢಿಗೆ ತಂದದ್ದು 1888ರಲ್ಲಿ. ಸ್ಟೀವನ್ಸನ ಗಾಲಿಗೆ ಇದ್ದದ್ದು ಗಟ್ಟಿ ರಬ್ಬರಿನ ಪಟ್ಟಿ. ಪಂಕ್ಚರಿನ ಭಯವಿರಲಿಲ್ಲವೆಂಬುದು ನಿಜ. ಆದರೆ ದಾರಿಯ ಪ್ರತಿಯೊಂದು ಕಲ್ಲಿನ ಪೆಟ್ಟೂ ನೇರವಾಗಿ ಬೆನ್ನುಮೂಳೆಗೇ ತಟ್ಟುತ್ತಿತ್ತು.

ಪಶ್ಚಿಮ ಅಮೆರಿಕದಲ್ಲಿ ಆಗ ರಸ್ತೆಗಳೆಂಬುವು ಹೆಸರಿಗೆ ಮಾತ್ರ ಇದ್ದವು. ಸಿಯೆರಾ ನೆವಾಡ ಪರ್ವತವನ್ನು ದಾಟುವಾಗ ಹಿಮ ಬೀಳದಂತೆ ರೈಲುದಾರಿಗೆ ಹೊದಿಸಿದ್ದ ಮರದ ಮಾಡುಗಳ ಒಳಗೆ, ಕಂಬಿಯ ಪಕ್ಕದಲ್ಲಿ, ಕತ್ತಲಲ್ಲಿ ಗಾಡಿಯನ್ನು ತಳ್ಳಿಕೊಂಡು ನಡೆದನು. ಆಗಸ್ಟ್ 4ರಂದು ಬಾಸ್ಟನ್ ನಗರ ಮುಟ್ಟಿದಾಗ ಸುಮಾರು 3,700 ಮೈಲಿಗಳಾಗಿದ್ದವು. ಅದರಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚನ್ನು ನಡೆದೇ ಕಳೆದಿದ್ದನಂತೆ. ಬೈಸಿಕಲ್ಲು ಅವನನ್ನು ಹೊತ್ತದ್ದೂ ಉಂಟು, ಅವನು ಬೈಸಿಕಲ್ಲನ್ನು ಹೊತ್ತದ್ದೂ ಉಂಟು.

ಅಲ್ಲಿಗೆ ನಿಲ್ಲಿಸಿದ್ದರೆ ಅದು ಒಂದು ಸಾಹಸ ಮಾತ್ರವಾಗುತ್ತಿತ್ತು. ಆದರೆ 'ಔಟಿಂಗ್' ಎಂಬ ಪತ್ರಿಕೆ ಅವನನ್ನು ತನ್ನ ಬಾತ್ಮೀದಾರನನ್ನಾಗಿ ಮಾಡಿಕೊಂಡಿತು. 1885ರ ಮೇ 4ರಂದು ಇಂಗ್ಲೆಂಡಿನ ಲಿವರ್‌ಪೂಲಿನಿಂದ ಎರಡನೆಯ ಯಾತ್ರೆ ಮೊದಲಾಯಿತು. ಫ್ರಾನ್ಸ್, ಜರ್ಮನಿ, ಆಸ್ಟ್ರಿಯಾ ದೇಶಗಳು ಸುಸೂತ್ರವಾಗಿ ಕಳೆದವು. ಹಂಗೆರಿಯಲ್ಲಿ ಇಗಾಲಿ ಎಂಬ ಸವಾರನು ಜೊತೆಗೂಡಿ ಬೆಲ್‌ಗ್ರೇಡ್ ಕಡೆಗೆ ಕರೆದೊಯ್ದನು. ಒಬ್ಬನ ಭಾಷೆ ಇನ್ನೊಬ್ಬನಿಗೆ ಬಾರದು; ಕೈಸನ್ನೆ ಬಾಯ್ಸನ್ನೆಗಳಲ್ಲೇ ಸ್ನೇಹ ನಡೆಯಿತು. ಮುಂದೆ ತುರ್ಕಿ ದೇಶವನ್ನು ಹೊಕ್ಕಮೇಲೆ ಅವನು ಒಂಟಿ.

ಇಲ್ಲಿಂದ ಮುಂದಿನ ಕಷ್ಟವನ್ನು ಗಮನಿಸಬೇಕು. ಅದು ಹಸಿವಲ್ಲ, ದಣಿವಲ್ಲ. ತುರ್ಕಿಯ ಹಳ್ಳಿಹಳ್ಳಿಗಳಲ್ಲೂ ಜನ ಅವನನ್ನು ಸುತ್ತುಗಟ್ಟಿ 'ಬಿನ್, ಬಿನ್' ಎಂದು ಕೂಗುತ್ತಿದ್ದರು. 'ಏರು, ಏರು, ನೋಡೋಣ' ಎಂದು ಅದರ ಅರ್ಥ. ದಿನವೆಲ್ಲ ಬೆಟ್ಟ ಹತ್ತಿ ಸಾಕಾಗಿ ಬಂದವನು ಒಂದು ತುಂಡು ರೊಟ್ಟಿ, ಒಂದು ಮೂಲೆ ಕೇಳಿದರೆ, ಮೊದಲು ಸವಾರಿ ಮಾಡಿ ತೋರಿಸು ಎಂಬ ಹಟ. ಒಮ್ಮೆ ತೋರಿಸಿದರೆ ಸಾಲದು. ತಡವಾಗಿ ಬಂದವರಿಗಾಗಿ ಮತ್ತೊಮ್ಮೆ. ಆ ಜನರಲ್ಲಿ ಕೇಡು ಇರಲಿಲ್ಲ. ಅನೇಕರು ಅನ್ನವಿಟ್ಟರು, ಹಾಸಿಗೆ ಕೊಟ್ಟರು. ಆದರೂ ತಾನು ಮನುಷ್ಯನಾಗಿ ಅಲ್ಲ, ಜಾತ್ರೆಯ ಕರಡಿಯಾಗಿ ಅವರಿಗೆ ಕಾಣುತ್ತಿದ್ದೇನೆ ಎಂಬ ಭಾವ ದಿನದಿನವೂ ಮನಸ್ಸನ್ನು ತಿನ್ನದೆ ಬಿಟ್ಟೀತೆ? ಒಬ್ಬನೇ ಇದ್ದೇನೆಂಬ ದುಃಖ ಒಂದು. ಒಬ್ಬನೇ ಇರಲು ಒಂದು ಗಳಿಗೆಯೂ ಸಿಕ್ಕದೆಂಬ ದುಃಖ ಇನ್ನೊಂದು. ದೂರಯಾತ್ರಿಕನಿಗೆ ಈ ಎರಡೂ ಒಂದೇ ದಿನ ಬರುತ್ತವೆ.

ಆ ವರ್ಷದ ಚಳಿಗಾಲವನ್ನು ಪರ್ಷಿಯಾದ ಟೆಹರಾನಿನಲ್ಲಿ ಕಳೆದನು. ದೊರೆ ನಾಸಿರುದ್ದೀನ್ ಷಹನೂ ಅವನ ಸವಾರಿಯನ್ನು ಕಂಡು ಮೆಚ್ಚಿದನು. ಆದರೆ ಮುಂದಿನ ದಾರಿ ರಾಜರ ಮೆಚ್ಚುಗೆಯಿಂದ ತೆರೆಯುವಂಥದಾಗಿರಲಿಲ್ಲ. ಸೈಬೀರಿಯಾದ ಮೂಲಕ ಹೋಗಲು ಅಪ್ಪಣೆ ಸಿಕ್ಕಲಿಲ್ಲ. 1886ರ ಮಾರ್ಚಿನಲ್ಲಿ ಆಫ್ಘಾನಿಸ್ತಾನದ ಕಡೆಗೆ ಹೊರಟು, 'ನಿರಾಶೆಯ ಬಯಲು' ಎಂದು ಅರ್ಥವಾಗುವ ಹೆಸರಿನ ಮರುಭೂಮಿಯನ್ನು ದಾಟಿ ಫರಾ ಪಟ್ಟಣದ ಹತ್ತಿರ ಬಂದಾಗ ಆಫ್ಘನ್ ಅಧಿಕಾರಿಗಳು ಅವನನ್ನು ಹಿಡಿದು, ಹೆರಾತಿಗೆ ಒಯ್ದು, ಅಲ್ಲಿಂದ ಪರ್ಷಿಯಾಕ್ಕೇ ಹಿಂದಕ್ಕೆ ಕಳುಹಿಸಿದರು. ಕಷ್ಟಪಟ್ಟು ದಾಟಿದ ದಾರಿಯನ್ನು ಕಾವಲಿನವರ ನಡುವೆ ಹಿಂದಿರುಗಿ ನೋಡುತ್ತ ಬರುವುದು ಎಂಥ ಸಂಕಟವೆಂಬುದನ್ನು ನೀವೇ ಊಹಿಸಿಕೊಳ್ಳಿ. ಬೆಟ್ಟವನ್ನು ಕಾಲಬಲದಿಂದ ಏರಬಹುದು. ಗಡಿಯನ್ನು ಹಾಗೆ ಏರಲಾಗದು. ಕೊನೆಗೆ ಬಹು ದೂರ ಬಳಸಿ, ಕಾನ್‌ಸ್ಟಾಂಟಿನೋಪಲ್ ಮತ್ತು ಸೂಯೆಜ್ ಮಾರ್ಗವಾಗಿ ಹಡಗಿನಲ್ಲಿ ಕರಾಚಿಗೆ ಬಂದಿಳಿದನು.

ನಮ್ಮ ದೇಶದಲ್ಲಿ ಆತನು ಸವಾರಿ ಮಾಡಿದ್ದು ಲಾಹೋರಿನಿಂದ ದೆಹಲಿ, ಆಗ್ರಾ, ಕಾನ್ಪುರ, ಅಲಹಾಬಾದ್, ಕಾಶಿಗಳ ಮೂಲಕ ಕಲ್ಕತ್ತೆಯವರೆಗೆ. ಅದು 1886ರ ಮಳೆಗಾಲ. ಬೇಗೆಯೂ ಮಳೆಯೂ ಕಾಡಿದವು. ಆದರೆ ಕಂಕರ ಹಾಕಿ ದಮ್ಮಸು ಮಾಡಿದ ಗ್ರ್ಯಾಂಡ್ ಟ್ರಂಕ್ ರಸ್ತೆ ಅವನಿಗೆ ಬಹಳ ಹಿಡಿಸಿತು. ತಂಗಲು ಡಾಕ್ ಬಂಗಲೆಗಳಿದ್ದವು. ಎತ್ತಿನ ಗಾಡಿಗಳ, ಯಾತ್ರಿಕರ ನಡುವೆ ಆ ಎತ್ತರದ ಗಾಲಿ ಉರುಳಿಹೋದ ದೃಶ್ಯವನ್ನು ಕಂಡ ನಮ್ಮವರು ಏನೆಂದುಕೊಂಡರೋ! ಕರ್ನಾಟಕದ ಕಡೆಗೆ ಮಾತ್ರ ಆತನು ಬರಲಿಲ್ಲ.

ಕಲ್ಕತ್ತೆಯಿಂದ ಹಡಗಿನಲ್ಲಿ ಹಾಂಗ್‌ಕಾಂಗಿಗೆ ಹೋಗಿ, ಕ್ಯಾಂಟನ್ನಿನಿಂದ ಚೀನದ ಒಳನಾಡನ್ನು ಹೊಕ್ಕನು. ಫ್ರೆಂಚರಿಗೂ ಚೀನೀಯರಿಗೂ 1884–85ರಲ್ಲಿ ನಡೆದ ಯುದ್ಧದ ಗಾಯ ಇನ್ನೂ ಹಸಿಯಾಗಿತ್ತು. ಹೊರಗಿನವನು ಯಾರಾದರೂ ಶತ್ರುವೇ ಎಂಬ ಭಾವ ಅಲ್ಲಿನ ಜನರಲ್ಲಿತ್ತು. ಈಗ ಜಿಆನ್ ಎಂದು ಕರೆಯುವ ಊರಿನಲ್ಲಿ ಗುಂಪುಕೂಡಿದ ಜನ ಕಲ್ಲು ಬೀರುತ್ತ ಅವನ ಮೇಲೆ ಬಿದ್ದರು. ಪ್ರಾಣ ಉಳಿದದ್ದು ಅಲ್ಲಿನ ಅಧಿಕಾರಿಗಳು ತಮ್ಮ ಕಚೇರಿಯೊಳಗೆ ಆಶ್ರಯ ಕೊಟ್ಟದ್ದರಿಂದ. ಅವರೇ ಕಾವಲಿನೊಂದಿಗೆ ಅವನನ್ನು ಮುಂದಕ್ಕೆ ಸಾಗಿಸಿದರು. ಕಲ್ಲೆಸೆದವರೂ ಚೀನೀಯರೇ, ಕಾಪಾಡಿದವರೂ ಚೀನೀಯರೇ ಎಂಬುದನ್ನು ಮರೆಯಬಾರದು. ಕೊನೆಯ ಘಟ್ಟ ಜಪಾನ್. ನಾಗಸಾಕಿಯಿಂದ ಹೊರಟು 1886ರ ಡಿಸೆಂಬರ್ 17ರಂದು ಯೊಕೊಹಾಮಾ ಮುಟ್ಟಿದನು. ಬೈಸಿಕಲ್ಲಿನ ಮೇಲೆ ಕ್ರಮಿಸಿದ ದೂರ ಒಟ್ಟು ಸುಮಾರು 13,500 ಮೈಲಿ.

ಇವನ ಹಿಂದೆ ಹೊರಟವರೆಲ್ಲರಿಗೂ ಇಂಥ ಭಾಗ್ಯವಿರಲಿಲ್ಲ. ಪಿಟ್ಸ್‌ಬರ್ಗಿನ ಫ್ರಾಂಕ್ ಲೆಂಜ್ ಎಂಬ ತರುಣನು 1892ರಲ್ಲಿ ಅದೇ ಪತ್ರಿಕೆಯ ಪರವಾಗಿ ಲೋಕವನ್ನು ಸುತ್ತಲು ಹೊರಟನು. ಅಷ್ಟು ಹೊತ್ತಿಗೆ ಬೈಸಿಕಲ್ಲು ಬಹಳ ಸುಧಾರಿಸಿತ್ತು. ಗಾಲಿಗಳು ಸಮವಾಗಿದ್ದವು, ಚೈನು ಬಂದಿತ್ತು, ಟೈರಿನಲ್ಲಿ ಗಾಳಿ ತುಂಬಿತ್ತು. ಜೊತೆಗೆ ಒಂದು ಕ್ಯಾಮೆರಾ. ಯಂತ್ರದ ದೃಷ್ಟಿಯಿಂದ ಸ್ಟೀವನ್ಸನಿಗಿಂತ ಇವನೇ ಅನುಕೂಲಸ್ಥ. ಜಪಾನ್, ಚೀನ, ಬರ್ಮಾ, ಭಾರತ, ಪರ್ಷಿಯಾಗಳನ್ನು ದಾಟಿ 1894ರಲ್ಲಿ ತುರ್ಕಿಯ ಗಡಿಯನ್ನು ಹೊಕ್ಕನು. ಎರ್ಜುರಂ ಪಟ್ಟಣವನ್ನು ಮುಟ್ಟಲೇ ಇಲ್ಲ. ಕಾಗದಗಳು ನಿಂತವು. ಊರಿನಲ್ಲಿ ತಾಯಿ ಕಾದಳು. ಮರುವರ್ಷ ಪತ್ರಿಕೆಯವರು ವಿಲಿಯಂ ಸಾಕ್ಟ್‌ಲೆಬೆನ್ ಎಂಬುವನನ್ನು ಹುಡುಕಲು ಕಳುಹಿಸಿದರು. ಆತನು ತಾನೇ ಮೊದಲು ಗೆಳೆಯ ಅಲೆನ್ ಜೊತೆಗೆ ಕಾನ್‌ಸ್ಟಾಂಟಿನೋಪಲಿನಿಂದ ಪೀಕಿಂಗಿನವರೆಗೆ ಬೈಸಿಕಲ್ಲಿನ ಮೇಲೆ ಏಷ್ಯಾಖಂಡವನ್ನು ದಾಟಿದ್ದವನು. ದಾರಿಯಲ್ಲಿ ಕುರ್ದರು ಲೆಂಜ್‌ನನ್ನು ಕೊಂದರೆಂಬ ನಿರ್ಣಯಕ್ಕೆ ಆತನು ಬಂದನು. ದೇಹ ಮಾತ್ರ ಸಿಕ್ಕಲಿಲ್ಲ. ಆ ತಾಯಿಗೆ ಮಗನ ಗೋರಿಯನ್ನು ಕಾಣುವ ಸಮಾಧಾನವೂ ಇಲ್ಲವಾಯಿತು. ಒಳ್ಳೆಯ ಟೈರು ಒಳ್ಳೆಯ ಚೈನುಗಳು ಪ್ರಾಣಕ್ಕೆ ಹೊಣೆಯಲ್ಲ ಎಂಬುದು ಈ ಕಥೆಯ ಕಹಿಯಾದ ಪಾಠ.

ಹಣದ ಚಿಂತೆಯೂ ಸಾಮಾನ್ಯವಲ್ಲ. ಸ್ಟೀವನ್ಸನೂ ಲೆಂಜನೂ ಪತ್ರಿಕೆಗೆ ಬರೆದು ಸಾಗಿದರು. ಬಾಸ್ಟನ್ನಿನ ಆನಿ ಕೊಪ್‌ಚೊವ್‌ಸ್ಕಿ ಎಂಬ ಹೆಂಗಸು, ಮೂರು ಸಣ್ಣ ಮಕ್ಕಳ ತಾಯಿ, ತನ್ನ ಹೆಸರನ್ನೇ ಮಾರಿದಳು! ಲಂಡನ್‌ಡೆರಿ ಎಂಬ ಬುಗ್ಗೆಯ ನೀರನ್ನು ಮಾರುವ ಕಂಪನಿಯವರಿಂದ 100 ಡಾಲರು ಪಡೆದು 'ಆನಿ ಲಂಡನ್‌ಡೆರಿ' ಎಂಬ ಹೆಸರಿನಿಂದ 1894ರ ಜೂನಿನಲ್ಲಿ ಹೊರಟಳು. ಉದ್ದನೆಯ ಲಂಗ, 42 ಪೌಂಡು ತೂಕದ ಬೈಸಿಕಲ್ಲು. ಶಿಕಾಗೋ ಮುಟ್ಟುವಷ್ಟರಲ್ಲಿ ಇದು ಸಾಗದೆಂದು ಮನಗಂಡು, 21 ಪೌಂಡಿನ ಗಂಡಸರ ಬೈಸಿಕಲ್ಲನ್ನೂ ಸವಾರಿಗೆ ಒದಗುವ ಉಡುಪನ್ನೂ ಹಿಡಿದಳು. ಆಕೆ ದಾರಿಯ ಹೆಚ್ಚು ಭಾಗವನ್ನು ಹಡಗಿನಲ್ಲೇ ಕಳೆದಳು, ಪತ್ರಿಕೆಗಳವರಿಗೆ ಕಟ್ಟುಕಥೆಗಳನ್ನೂ ಹೇಳಿದಳು ಎಂಬುದು ನಿಜ. ಆದರೂ ಆ ಕಾಲದಲ್ಲಿ ಒಬ್ಬ ತಾಯಿ ಮನೆ ಬಿಟ್ಟು ಹೊರಟು 1895ರಲ್ಲಿ ಹಿಂತಿರುಗಿದ್ದು, ಊರವರ ಮಾತಿನ ಭಾರವನ್ನೂ ಬೈಸಿಕಲ್ಲಿನ ಮೇಲೆ ಹೇರಿಕೊಂಡು ಹೋದಂತೆಯೇ ಸರಿ.

ಒಂಟಿತನವೇ ಇಷ್ಟೆಲ್ಲ ಕಷ್ಟಕ್ಕೆ ಮೂಲವಾದರೆ ಗುಂಪಾಗಿ ಹೋಗಬಹುದಲ್ಲ ಎಂದು ನೀವು ಕೇಳಬಹುದು. ಇದಕ್ಕೆ ಉತ್ತರ ನಮ್ಮ ದೇಶದ ತರುಣರ ಯಾತ್ರೆಯಲ್ಲೇ ಇದೆ. ಮುಂಬಯಿಯ ಭಾರ ಎತ್ತುವವರ ಕ್ಲಬ್ಬೊಂದಕ್ಕೆ ಸೇರಿದ ಆರು ಮಂದಿ ಪಾರ್ಸಿ ತರುಣರು 1923ರ ಅಕ್ಟೋಬರ್ 15ರಂದು ಬೈಸಿಕಲ್ಲೇರಿ ಹೊರಟರು. ಬಲೂಚಿಸ್ತಾನ, ಪರ್ಷಿಯಾ, ಬಾಗ್ದಾದಿನ ಆಚೆಯ ಮರುಭೂಮಿ, ಯೂರೋಪು, ಅಮೆರಿಕ, ಜಪಾನ್, ಕೊರಿಯಾ, ಚೀನ, ಸಯಾಮ್, ಬರ್ಮಾ: ಹೀಗೆ ಸುಮಾರು 44,000 ಮೈಲಿ. ನಾಲ್ಕೂವರೆ ವರ್ಷಗಳ ಮೇಲೆ, 1928ರ ಮಾರ್ಚ್ 18ರಂದು, ಮುಂಬಯಿಗೆ ಹಿಂತಿರುಗಿದರು. ಆದರೆ ಹಿಂತಿರುಗಿದವರು ಆರು ಮಂದಿಯಲ್ಲ. ಅದಿ ಹಕೀಂ, ಜಾಲ್ ಬಾಪಾಸೋಲಾ, ರುಸ್ತುಂ ಭುಮ್‌ಗಾರಾ ಎಂಬ ಮೂವರು ಮಾತ್ರ.

ಉಳಿದ ಮೂವರಿಗೆ ಪ್ರಾಣಾಪಾಯವೇನೂ ಆಗಲಿಲ್ಲ. ಒಬ್ಬರು ಟೆಹರಾನಿನಿಂದ ಊರಿಗೆ ಹಿಂದಿರುಗಿದರು. ಇನ್ನಿಬ್ಬರು ಮುಂದಿನ ದಾರಿಯಲ್ಲಿ ಅಗಲಿದರು. ಅವರಲ್ಲಿ ಒಬ್ಬರು ಅಮೆರಿಕದಲ್ಲೇ ನೆಲೆನಿಂತರು. ಇದರಲ್ಲಿ ಯಾರ ತಪ್ಪನ್ನೂ ಎಣಿಸಬೇಕಾಗಿಲ್ಲ. ಆರು ಜನರ ಕಾಲು ಒಂದೇ ವೇಗದಲ್ಲಿ ನಡೆಯದು, ಆರು ಮನಸ್ಸು ಒಂದೇ ದಿನ ಊರನ್ನು ನೆನೆಯದು. ಒಬ್ಬನಿಗೆ ಜ್ವರ ಬಂದರೆ ಐವರು ನಿಲ್ಲಬೇಕು. ಐವರಿಗೆ ಉತ್ಸಾಹವಿದ್ದು ಒಬ್ಬನಿಗೆ ಇಲ್ಲವಾದರೆ ಆ ಒಬ್ಬನು ಒಂಟಿಗನಿಗಿಂತಲೂ ಒಂಟಿಯಾಗುತ್ತಾನೆ. ಹೊರಡುವಾಗ ಜೊತೆಗಿದ್ದವರನ್ನು ನಡುದಾರಿಯಲ್ಲಿ ಬೀಳ್ಕೊಟ್ಟು ಮರುದಿನ ಬೆಳಗ್ಗೆ ಮತ್ತೆ ಗಾಡಿ ಹತ್ತುವುದು ಮರುಭೂಮಿಗಿಂತ ಸುಲಭವೆಂದು ಯಾರು ಹೇಳಬಲ್ಲರು? 1926ರಲ್ಲಿ ಕಲ್ಕತ್ತೆಯಿಂದ ಮೂವರು ಗೆಳೆಯರೊಡನೆ ಹೊರಟ ಬಿಮಲ್ ಮುಖರ್ಜಿಯವರ ಅನುಭವವೂ ಇಂಥದೇ. 1937ರಲ್ಲಿ ಯಾತ್ರೆಯನ್ನು ಪೂರೈಸಿ ಬಂದವರು ಅವರೊಬ್ಬರೇ.

ಮುಂಬಯಿಯ ಆ ಮೂವರು ತಮ್ಮ ಅನುಭವವನ್ನು 1931ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕವಾಗಿ ಹೊರತಂದರು. ಅದಕ್ಕೆ ಮುನ್ನುಡಿ ಬರೆದವರು ಜವಾಹರಲಾಲ್ ನೆಹರೂ. ಪರರ ಆಳ್ವಿಕೆಯಲ್ಲಿದ್ದ ದೇಶದ ಸಾಮಾನ್ಯ ಮನೆತನದ ತರುಣರು, ಯಾವ ಸರ್ಕಾರದ ಕೆಲಸದ ಮೇಲೂ ಅಲ್ಲದೆ, ತಮ್ಮ ಕಾಲಬಲದಿಂದ ಲೋಕವನ್ನು ಕಂಡು ಬಂದರೆಂಬುದು ಆ ಕಾಲಕ್ಕೆ ಸಣ್ಣ ಮಾತಾಗಿರಲಿಲ್ಲ.

ಈಗ ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡೋಣ. ಗಾಲಿಯ ಕಡ್ಡಿ ಮುರಿದರೆ ಸವಾರನು ತಾನೇ ಕಟ್ಟಿಕೊಂಡಾನು, ಇಲ್ಲವೇ ಕಮ್ಮಾರನ ಬಳಿಗೆ ಹೋದಾನು. ಟೈರು ಸವೆದರೆ ಬೇರೆ ಹಾಕಿಕೊಂಡಾನು. ಹಸಿವನ್ನು ಒಂದು ಹೊತ್ತು ತಡೆದಾನು. ಆದರೆ ಸಂಜೆ ಬಿಸಿಲು ಇಳಿದಾಗ, ಹೆಸರರಿಯದ ಊರಿನ ಮುಂದೆ ನಿಂತಾಗ, 'ಈ ರಾತ್ರಿ ನನ್ನನ್ನು ಯಾರು ಮನುಷ್ಯನೆಂದು ಎಣಿಸುತ್ತಾರೆ?' ಎಂಬ ಪ್ರಶ್ನೆ ಏಳುತ್ತದಲ್ಲ, ಅದಕ್ಕೆ ಅವನ ಚೀಲದಲ್ಲಿ ಉತ್ತರವಿಲ್ಲ. ಬಾಗಿಲ ಒಳಗಿರುವವರು ಉತ್ತರ ಕೊಡಬೇಕು. ಇಂದಿನ ಸವಾರನ ಜೇಬಿನಲ್ಲಿ ಫೋನು ಇರುತ್ತದೆ, ದಾರಿಯ ನಕ್ಷೆಯೂ ಅದರಲ್ಲೇ ಸಿಕ್ಕುತ್ತದೆ. ಆದರೂ ಸಂಜೆಯ ಆ ಪ್ರಶ್ನೆ ಹಾಗೆಯೇ ಉಳಿದಿದೆ.

ನಮ್ಮ ಹಿರಿಯರು 'ಅತಿಥಿ' ಎಂಬ ಶಬ್ದಕ್ಕೆ ಅರ್ಥ ಹೇಳುವಾಗ, ತಿಥಿಯನ್ನು ಗೊತ್ತುಮಾಡದೆ ಬರುವವನು ಅತಿಥಿ ಎಂದು ಬಿಡಿಸುತ್ತಿದ್ದರು. ಮೊದಲೇ ಕಾಗದ ಬರೆದು ಬರುವ ನೆಂಟನು ಅಭ್ಯಾಗತನಾದಾನು; ಹೇಳದೆ ಕೇಳದೆ ಧೂಳು ಮೆತ್ತಿಕೊಂಡು ಬಂದು ನಿಲ್ಲುವವನೇ ನಿಜವಾದ ಅತಿಥಿ. ತುರ್ಕಿಯ ರೈತ, ಚೀನದ ಅಧಿಕಾರಿ, ಭಾಷೆ ಬಾರದ ಹಂಗೆರಿಯ ಸವಾರ, ಇವರು ಯಾರೂ ನಮ್ಮ ಶಾಸ್ತ್ರವನ್ನು ಓದಿದವರಲ್ಲ. ಆದರೂ ಆ ಶಬ್ದದ ಅರ್ಥವನ್ನು ನಡೆದು ತೋರಿಸಿದರು. ಅವರ ಹೆಸರುಗಳಲ್ಲಿ ಬಹುಪಾಲು ಯಾವ ಪುಸ್ತಕದಲ್ಲಿಯೂ ಉಳಿದಿಲ್ಲ.

ಸ್ಟೀವನ್ಸನು 1935ರಲ್ಲಿ ಲಂಡನ್ನಿನಲ್ಲಿ ಕಾಲವಾದನು. ಅವನ ಬೈಸಿಕಲ್ಲನ್ನು ತಯಾರಿಸಿದ ಕಂಪನಿಯವರು ಬಹುಕಾಲ ಕಾಪಾಡಿಕೊಂಡಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹಳೆಯ ಕಬ್ಬಿಣವನ್ನು ಸಂಗ್ರಹಿಸುತ್ತಿದ್ದಾಗ ಅದನ್ನೂ ಕೊಟ್ಟುಬಿಟ್ಟರು. ಮೂರು ಖಂಡಗಳ ಧೂಳನ್ನು ಕಂಡ ಗಾಲಿ ಹೀಗೆ ಕುಲುಮೆಯ ಪಾಲಾಯಿತು. ಉಳಿದದ್ದು ಅವನು ಬರೆದ ಎರಡು ಸಂಪುಟಗಳು, ಮತ್ತು ಅವುಗಳಲ್ಲಿ ಬರುವ ಬಾಗಿಲು ತೆರೆದವರ ಕಥೆಗಳು.

ಓದುಗ ಮಹಾಶಯರೇ, ಎಂದಾದರೂ ನಿಮ್ಮ ಬೀದಿಯಲ್ಲಿ ಹಿಂದೆ ಮುಂದೆ ಚೀಲ ಕಟ್ಟಿದ ಬೈಸಿಕಲ್ಲೊಂದು ನಿಂತು, ಬಿಸಿಲಿಗೆ ಕಂದಿದ ಮುಖವೊಂದು ನೀರು ಕೇಳಿದರೆ, ಎಲ್ಲಿಂದ ಎಲ್ಲಿಗೆ ಎಂದು ವಿಚಾರಿಸುವುದು ಆಮೇಲಾಗಲಿ. ಮೊದಲು ಒಂದು ಚೊಂಬು ನೀರು, ಕುಳಿತುಕೊಳ್ಳಲು ಜಗಲಿಯ ನೆರಳು. ಸವಾರಿ ಮಾಡಿ ತೋರಿಸೆಂದು ಮಕ್ಕಳು ಪೀಡಿಸಿದರೆ, ಅವನು ಸ್ವಲ್ಪ ಸುಧಾರಿಸಿಕೊಳ್ಳಲಿ ಎಂದು ತಡೆಯಿರಿ.